ಹರಿಯಬೇಕಾದ ಒಂದು ಗೇಣು ದಾರ

ಅಂಗಡಿ ಬಿಟ್ಟು ಎಂಟು ತಿಂಗಳಾಯಿತು. ಮೊನ್ನೆ ಶಿವಲೀಲಾ ಫೋನ್ ಮಾಡಿದ್ದಳು. ಸಿಂಧನೂರಿನಲ್ಲಿ ನಾನು ಮೂವತ್ತೈದು ವರ್ಷ ದುಡಿದ ಬಲೆ-ಗಾಳದ ಅಂಗಡಿಯ ಸಾವಕಾರರ ಕಿರಿಯ ಸೊಸೆ ಈಕೆ. ಗಲ್ಲಾದ ಪಕ್ಕದಲ್ಲಿ ನಾನು ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಅವಳು ಕೂರುತ್ತಾಳೆ.

"ಕಾಕಾ, ಎಡಗಡಿ ಡ್ರಾದಾಗ ಸಣ್ಣ ದಾರದ ಉಂಡಿ ಒಂದು ಐತ್ರಿ. ಎಳದ್ರ ಪಟಕ್ಕನ ಹರೀತೈತಿ. ಇದನ್ನ ಯಾರು ತಗೋತಾರ? ಬಿಸಾಕಲೇನ್ರಿ?"

"ಬಿಸಾಕಬ್ಯಾಡವ್ವ. ಬಾಕಿ ಎಲ್ಲಾ ಬಿಸಾಕು, ಅದನ್ನ ಮಾತ್ರ ಮುಟ್ಟಬ್ಯಾಡ. ಅದರದೊಂದು ದೊಡ್ಡ ಕತಿ ಐತಿ."

"ಹಂಗಾರ ಬರದು ಕೊಡ್ರಿ. ಫೋನಿನ್ಯಾಗ ಹೇಳಿದ್ರ ನಾ ಅರ್ಧಾ ಮರೀತೀನಿ."

ಅದಕ್ಕೇ ಬರೆಯುತ್ತಿದ್ದೇನೆ. ಶಿವಲೀಲಾ ಓದಲಿ, ನಾಳೆ ಅವಳ ಜಾಗಕ್ಕೆ ಬಂದವರೂ ಓದಲಿ.

ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸದಲ್ಲಿ ಮಾರುವುದು ಕಷ್ಟವಲ್ಲ. ಮಾರಿದ ಮೇಲೆ ಕಷ್ಟ ಶುರುವಾಗುತ್ತದೆ. ಬಟ್ಟೆ ಅಂಗಡಿಯವನು ಸೀರೆ ಮಾರಿ ನಿಶ್ಚಿಂತೆಯಿಂದ ಉಣ್ಣಬಹುದು. ನಾವು ದಾರ ಮಾರುತ್ತೇವೆ, ಗಿರಾಕಿ ಅದನ್ನು ನೀರಿಗೆ ಬಿಡುತ್ತಾನೆ. ಆಚೆ ತುದಿಗೆ ಏನು ಬಿದ್ದೀತೋ ಯಾರಿಗೂ ಗೊತ್ತಿಲ್ಲ, ಆದರೆ ಈಚೆ ತುದಿಗೆ ಯಾರಿದ್ದಾರೆ ಎಂಬುದು ನಮಗೆ ಗೊತ್ತಿರುತ್ತದೆ. ನನ್ನದು ಮೊದಲೇ ಪುಕ್ಕಲು ಜೀವ. "ಮೀನ ಹಿಡಿಯೋರು ಆರಾಮ ಮಕ್ಕೊಂಡಾರ, ದಾರ ಮಾರಿದಾಂವ ಹೊರಳ್ಯಾಡಾಕತ್ತಾನ" ಎಂದು ನನ್ನ ಹೆಂಡತಿ ನಗುತ್ತಿದ್ದಳು. ನಗಲಿ ಬಿಡಿ. ಅಂಜುವುದು ಕಮ್ಮಿಯಾಗಿ ನಾನು ಒಂದೇ ಒಂದು ಸಲ ಎದೆಯುಬ್ಬಿಸಿ ಸಾಮಾನು ಮಾರಿದೆ. ಆ ಒಂದು ಸಲದ ಕತೆ ಇದು.

ನಾನು ಸೇರಿದಾಗ ಅಂಗಡಿಯಲ್ಲಿ ಎರಡೇ ಬಗೆಯ ಕೋಲು. ಎರಡೂ ಬಿದಿರಿನವು. ಉದ್ದನೆಯದು ಕೆರೆಗೆ, ಗಿಡ್ಡದು ಹಳ್ಳಕ್ಕೆ. ಕೋಲು ಆರಿಸುವುದನ್ನು ನನಗೆ ಕಲಿಸಿದವರು ದೊಡ್ಡ ಸಾವಕಾರರು, ಅಂದರೆ ಶಿವಲೀಲಾಳ ಮಾವನ ತಂದೆ. ಕೋಲಿನ ಬುಡ ಹಿಡಿದು ತುದಿಯನ್ನು ನೆಲಕ್ಕೆ ಒತ್ತಬೇಕು. ಬಿಲ್ಲಿನ ಹಾಗೆ ಸಮನಾಗಿ ಬಾಗಿದರೆ ಒಳ್ಳೆಯದು. ಒಂದೇ ಗಂಟಿನ ಹತ್ತಿರ ಮುರಿದಂತೆ ಬಾಗಿದರೆ ಅದು ಉರುವಲು. ದಾರವನ್ನು ಬರಿಗೈಯಲ್ಲಿ ಎಳೆದು ನೋಡಬಾರದು, ಟವೆಲ್ ಸುತ್ತಿಕೊಂಡು ಎಳೆಯಬೇಕು. ಗಂಟು ಬಿಗಿಯುವ ಮುಂಚೆ ಉಗುಳು ಹಚ್ಚಬೇಕು, ಒಣಗಂಟು ಬಿಗಿಯುವಾಗ ಉಜ್ಜಿದ ಬಿಸಿಗೆ ತಾನೇ ಸೋಲುತ್ತದೆ. ಇಷ್ಟೆಲ್ಲಾ ಕಲಿಸಿ ಕೊನೆಗೊಂದು ಮಾತು ಹೇಳುತ್ತಿದ್ದರು.

"ಲೇ ಹುಲಿಗೆಪ್ಪ, ದಾರ ಮೀನಿಗಿಂತ ಗಟ್ಟಿ ಇರಬೇಕು, ಮನಿಶ್ಯಾಗಿಂತ ಮೆತ್ತಗ ಇರಬೇಕು. ಈ ಎರಡರ ನಡುವ ಇರೋದ ನಮ್ಮ ಯಾಪಾರ."

ನಾನು ಹೂಂ ಅನ್ನುತ್ತಿದ್ದೆ. ಮನಸ್ಸಿನೊಳಗೆ ಮಾತ್ರ, ಇದು ತೆಳು ದಾರ ಮಾರುವವರ ನೆಪ ಎಂದುಕೊಳ್ಳುತ್ತಿದ್ದೆ.

ಅಂಗಡಿಯ ಎದುರು ಭಾಗದಲ್ಲಿ ಒಂದು ಗಾಜಿನ ಕಪಾಟಿತ್ತು. ಚಂದ ಕಾಣಲಿ ಎಂದು ನೀಲಿ, ಹಸಿರು ನೈಲಾನ್ ದಾರದ ಉಂಡೆಗಳನ್ನು ನಾನೇ ಅದರಲ್ಲಿ ಜೋಡಿಸಿದ್ದೆ. ನಮ್ಮ ಸೀಮೆಯ ಬಿಸಿಲು ಗೊತ್ತಲ್ಲ, ಮಧ್ಯಾಹ್ನದ ಹೊತ್ತಿಗೆ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು. ಆ ಬಿಸಿಲು ದಾರದ ಸತ್ವ ತಿನ್ನುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಮೇಲೆ ಹೊಳಪು ಹಾಗೆಯೇ ಇರುತ್ತದೆ, ಒಳಗೆ ಟೊಳ್ಳಾಗಿರುತ್ತದೆ.

ಅಂಥದ್ದೊಂದು ಉಂಡೆಯನ್ನು ನಾನು ತುರ್ವಿಹಾಳದ ಅಂಬಣ್ಣನಿಗೆ ಕೊಟ್ಟೆ. ಅಂಬಣ್ಣ ನನ್ನ ವಾರಿಗೆಯವನು. ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದ, ಕೆಲಸವಿಲ್ಲದ ದಿನ ಕಾಲುವೆಯಲ್ಲಿ ಮೀನು ಹಿಡಿಯುತ್ತಿದ್ದ. ಕೋಲು ಮುಟ್ಟುತ್ತಿರಲಿಲ್ಲ. ಆ ಕಡೆಯ ಬಹಳ ಜನರ ಪದ್ಧತಿಯೇ ಹಾಗೆ. ದಾರದ ತುದಿಗೆ ಗಾಳ, ಸೀಸದ ಗುಂಡು ಕಟ್ಟಿ ಬೀಸಿ ಎಸೆಯುವುದು, ಇನ್ನೊಂದು ತುದಿಯನ್ನು ಅಂಗೈಗೂ ಮಣಿಕಟ್ಟಿಗೂ ಎರಡು ಸುತ್ತು ಸುತ್ತಿಕೊಂಡು ಬೀಡಿ ಸೇದುತ್ತ ಕೂರುವುದು. ಮೀನು ಬಾಯಿ ಹಾಕಿದ್ದನ್ನು ಕೈಯೇ ಹೇಳುತ್ತದೆ. ತೀರಾ ದೊಡ್ಡದು ಬಿದ್ದರೆ ನೈಲಾನ್ ದಾರ ಪಟ್ಟನೆ ಹರಿಯುತ್ತದೆ, ಮೀನು ಅದರ ದಾರಿಗೆ, ಮನುಷ್ಯ ಮನೆಗೆ.

ಒಂದು ದಿನ ಅಂಬಣ್ಣ ಅಂಗಡಿಗೆ ಬಂದ. ಜೇಬಿನಿಂದ ಹರಿದ ದಾರದ ತುಂಡು ತೆಗೆದು ನನ್ನೆದುರು ಕಪಾಟಿನ ಗಾಜಿನ ಮೇಲಿಟ್ಟ.

"ಏನಾತು ಅಂಬಣ್ಣ?"

"ಮಗಳ್ನ ನೋಡಾಕ ಬೀಗರು ಬಂದಿದ್ರು. ಮೀನ ಊಟ ಮಾಡಸ್ತೀನಿ ಅಂತ ಬಾಯಿ ಬಿಟ್ಟು ಹೇಳಿದ್ನಿ. ಎರಡು ಸೇರು ತೂಗದ ಮೀನಕ್ಕ ಹರೀತು ನಿನ್ನ ದಾರ. ಒಂದಲ್ಲ, ಮೂರು ಸಲ. ಕಡೀಕ ಬ್ಯಾಳಿ ಸಾರು ಉಂಡು ಹೋದ್ರು."

ಬೈಯಲಿಲ್ಲ, ಬದಲಿ ದಾರವನ್ನೂ ಕೇಳಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವತ್ತೇ ಕಪಾಟು ಖಾಲಿ ಮಾಡಿ ಉಂಡೆಗಳನ್ನೆಲ್ಲ ಒಳಗಿನ ಕತ್ತಲೆ ಕೋಣೆಗೆ ಸಾಗಿಸಿದೆ. ಶಿವಲೀಲವ್ವ, ಗಾಜಿನ ಕಪಾಟಿನಲ್ಲಿ ಈಗಲೂ ಬರೀ ಖಾಲಿ ಡಬ್ಬಿ ಇರುವುದು ಅದಕ್ಕೇ. ಆದರೆ ಗಾಜಿನ ಮೇಲೆ ಅವನಿಟ್ಟ ತುಂಡು ದಾರ ನನ್ನ ಕಣ್ಣಿನಿಂದ ಸರಿಯಲಿಲ್ಲ. ಯಾರಿಗೆ ದಾರ ಕೊಟ್ಟರೂ "ಹರಿದೀತೇನೋ, ಹರಿದೀತೇನೋ" ಎಂಬ ಅಳುಕು. ಗಿರಾಕಿ ಮತ್ತೆ ಮುಖ ತೋರಿಸುವ ತನಕ ನೆಮ್ಮದಿಯಿರುತ್ತಿರಲಿಲ್ಲ.

ಅಂಬಣ್ಣನ ಮಗಳ ಮದುವೆ ಬೇರೆ ಮನೆತನದಲ್ಲಿ ಆಯಿತು. ಅದಕ್ಕೂ ನನ್ನ ದಾರಕ್ಕೂ ಸಂಬಂಧವಿರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಅನಿಸುತ್ತಿರಲಿಲ್ಲ.

ವರ್ಷಗಳು ಹೋದವು. ಎಲ್ಲರ ಕೈಗೂ ಮೊಬೈಲ್ ಬಂತು. ಲಿಂಗಸುಗೂರಿನಿಂದ ಒಬ್ಬ ಬ್ಯಾಂಕ್ ನೌಕರರು ಬರತೊಡಗಿದರು. ರಜೆಯ ದಿನ ಮಸ್ಕಿ ಕಡೆಯ ಕೆರೆಗಳಲ್ಲಿ ಗಾಳ ಹಾಕುವ ಹವ್ಯಾಸ ಅವರಿಗೆ. ಬಂದವರೇ ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ಯಾವುದೋ ದೇಶದ ಕೆರೆ, ಟೊಪ್ಪಿಗೆ ಹಾಕಿದ ಮನುಷ್ಯ, ಗಿಡ್ಡ ಕೋಲು, ಬಾಯಿ ಅಗಲಿಸಿ ನೀರಿನಿಂದ ಜಿಗಿಯುವ ಮೀನು.

"ಇದು ಬಾಸ್ ಮೀನು ನೋಡ್ರಿ ಹುಲಿಗೆಪ್ಪ. ಇದನ್ನ ಹಿಡಿಯೋ ಕೋಲು ಬೇಕ್ರಿ ನನಗ."

"ಆ ಮೀನ ನಮ್ಮಲ್ಲಿ ಇಲ್ಲಲ್ರಿ ಸರ."

"ಮೀನ ಇಲ್ಲ, ಆದ್ರ ಅದರ ಬುದ್ಧಿ ಐತಿ. ಕೊರಮೀನು ಏನ್ ಮಾಡತೈತಿ? ಜೊಂಡಿನ್ಯಾಗ ಅಡಗಿ ಕುಂದರತೈತಿ, ಕಪ್ಪಿ ಬಂದ್ರ ಗಬಕ್ಕನ ಹಿಡೀತೈತಿ. ಇದೂ ಹಂಗ."

ಮಾತು ಖರೆಯಿತ್ತು. ಆದರೆ ನನಗೆ ತಿಳಿದದ್ದು ಬಿದಿರಿನ ಲೆಕ್ಕ. ಮೆತ್ತಗೆ ಬಾಗುವುದೇ ಒಳ್ಳೆಯ ಕೋಲು ಎಂದುಕೊಂಡು ಉದ್ದನೆಯ, ಬಳುಕುವ ಫೈಬರ್ ಕೋಲನ್ನೂ ತೆಳು ನೈಲಾನ್ ದಾರವನ್ನೂ ಕೊಟ್ಟು ಕಳಿಸಿದೆ. ಮುಂದಿನ ವಾರ ಗುರುಗುಂಟಾ ಕಡೆಯ ಕೆರೆಯಿಂದ ನೇರ ಅಂಗಡಿಗೇ ಬಂದರು, ಪ್ಯಾಂಟಿಗೆ ಮೊಣಕಾಲ ತನಕ ಕೆಸರು. ಕೊರಮೀನು ಕಚ್ಚಿತ್ತಂತೆ. ಇವರು ಎಳೆದರೆ ಕೋಲು ಬಾಗುತ್ತಲೇ ಹೋಯಿತಂತೆ. ಕೋಲು ಬಾಗುವಷ್ಟರಲ್ಲಿ ಮೀನು ಜೊಂಡಿನ ಬುಡಕ್ಕೆ ದಾರವನ್ನು ನಾಲ್ಕು ಸುತ್ತು ಸುತ್ತಿ ಹರಿದುಕೊಂಡು ಹೋಯಿತಂತೆ.

"ಬರೇ ಬಾಗಿದ್ರ ಆತೇನ್ರಿ ಹುಲಿಗೆಪ್ಪ? ಎತ್ತೋರು ಯಾರು?"

ಆಮೇಲೆ ಅವರೂ ನಾನೂ ಕೂಡಿ ಕಲಿತೆವು. ಹೊಸಬರು ಇದನ್ನು ನೆನಪಿಡಬೇಕು. ತೆರೆದ ನೀರಿಗೆ ಉದ್ದನೆಯ, ಬಳುಕುವ ಕೋಲು, ಅದಕ್ಕೆ ನೈಲಾನ್ ದಾರ. ಮೀನಿನ ಜಗ್ಗಾಟವನ್ನು ಕೋಲೂ ದಾರವೂ ಹಂಚಿಕೊಳ್ಳುತ್ತವೆ. ಜೊಂಡು, ಪಾಚಿ, ತಾವರೆ ಇರುವ ಕಡೆ ಗಿಡ್ಡ, ಬಿರುಸು ಕೋಲು, ತುದಿ ಮಾತ್ರ ಸ್ವಲ್ಪ ಬಾಗಬೇಕು, ನಡು ಬಾಗಬಾರದು. ಅದಕ್ಕೆ ಹೆಣೆದ ದಾರ. ಸಣ್ಣ ಸಣ್ಣ ಎಳೆಗಳನ್ನು ಜಡೆಯ ಹಾಗೆ ಹೆಣೆದಿರುತ್ತಾರೆ. ಹೊಲಿಗೆ ದಾರದಷ್ಟೇ ದಪ್ಪ, ಆದರೆ ಜೊಂಡನ್ನೇ ಕೊಯ್ದುಕೊಂಡು ಬರುತ್ತದೆ. ಅಂಥ ದಾರಕ್ಕೆ ರೀಲು ಬೇಕೇ ಬೇಕು. ರೀಲಿನಲ್ಲಿ ಒಂದು ತಿರುಪು ಇರುತ್ತದೆ. ಮೀನು ಹದ್ದುಮೀರಿ ಎಳೆದರೆ ಅದು ತಾನಾಗಿ ದಾರ ಬಿಟ್ಟುಕೊಡುತ್ತದೆ. ಕೋಲು, ರೀಲು, ದಾರ ಮೂರೂ ಕೂಡಿ ಒಂದು ಸಾಮಾನು.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದೇ ನನ್ನ ಸಂಕಟ.

ಅಂಗಡಿಯಲ್ಲಿ ಮಾರಲೆಂದು ತರಿಸಿದ ಹೆಣೆದ ದಾರದ ಮೊದಲ ಡಬ್ಬಿಗಳು ಬಂದ ವಾರವೇ ಅಂಬಣ್ಣ ಬಂದ. ನನಗೆ ಹಬ್ಬ ಬಂದಷ್ಟು ಸಂತೋಷ. ಬೀಗರ ಮುಂದೆ ಬೇಳೆ ಸಾರು ಬಡಿಸಿದ ಮನುಷ್ಯನಿಗೆ ಕೊನೆಗೂ ಮುಖವೆತ್ತಿ ಒಂದು ಸಾಮಾನು ಕೊಡುತ್ತೇನೆ ಎಂಬ ಹುಮ್ಮಸ್ಸು.

"ಇದನ್ನ ನೋಡು ಅಂಬಣ್ಣ. ಎತ್ತು ಕಟ್ಟಿ ಜಗ್ಗಿದ್ರೂ ಹರಿಯಂಗಿಲ್ಲ."

ಅವನು ಟವೆಲ್ ಸುತ್ತಿ ಎಳೆದ. ಕಂಬಕ್ಕೆ ಕಟ್ಟಿ ಎಳೆದ. ಹರಿಯಲಿಲ್ಲ.

"ಖರೆನ ಹರಿಯಂಗಿಲ್ಲೇನು?"

"ನನ್ನ ಮಾತು. ಈ ಸಲ ಹರಿಯಂಗಿಲ್ಲ. ಇದರ ಜೋಡಿ ಒಂದು ಕೋಲು, ರೀಲು ತಗೋ."

"ಕೋಲು ಯಾಕಪಾ? ನನ್ನ ಕೈನ ಕೋಲು."

ನಾನು ನಕ್ಕೆ. ಒತ್ತಾಯ ಮಾಡಲಿಲ್ಲ. ಬರೀ ದಾರವನ್ನು ಸುತ್ತಿ ಕೊಟ್ಟೆ. ಒಳಗೆ ದಿಂಬಿಗೆ ಒರಗಿದ್ದ ದೊಡ್ಡ ಸಾವಕಾರರು, ಆಗ ಅವರಿಗೆ ಕಣ್ಣು ಮಂಜಾಗಿತ್ತು, ಕೇಳಿದರು.

"ಯಾರಿಗೆ ಏನು ಕೊಟ್ಟಿ?"

"ಅಂಬಣ್ಣಗ ಹೊಸಾ ದಾರ ಕೊಟ್ನಿರಿ. ಹರಿಯಂಗಿಲ್ಲ ಅದು."

"ಹರಿಯಂಗಿಲ್ಲ ಅಂದ್ರ?" ಎಂದರು. ದಿಂಬಿನಿಂದ ಎದ್ದು ಕೂತು, "ಮತ್ತ ಏನು ಹರೀಬೇಕು?" ಎಂದರು. ವಯಸ್ಸಾದವರ ಮಾತು ಎಂದುಕೊಂಡು ನಾನು ಮುಂದಿನ ಗಿರಾಕಿಯ ಕಡೆ ತಿರುಗಿದೆ.

ಹತ್ತು-ಹನ್ನೆರಡು ದಿನ ಕಳೆದಿರಬೇಕು. ಅಷ್ಟೂ ದಿನ ನಾನು ಎಂದಿಲ್ಲದ ನೆಮ್ಮದಿಯಲ್ಲಿದ್ದೆ. ಒಂದು ಬೆಳಿಗ್ಗೆ ಅಂಬಣ್ಣನ ಹೆಂಡತಿ ಹನುಮವ್ವ ಸಂತೆಗೆಂದು ಬಂದವಳು ಅಂಗಡಿ ಹತ್ತಿದಳು.

"ಅಣ್ಣಾರ, ಸೀಸದ ಗುಂಡು ನಾಕು ತಾ ಅಂದಾರ್ರಿ ನಮ್ಮನಿಯವ್ರು."

"ಹೆಂಗೈತವ್ವ ಹೊಸಾ ದಾರ?"

"ಏನ್ ಕೊಟ್ರಿ ಮಾರಾಯ್ರ, ಮನ್ಯಾಗ ನಿಲ್ಲಂಗೇ ಇಲ್ಲ. ಇವತ್ತೂ ನಸಿಕಿನ್ಯಾಗ ಕಾಲವಿಗೆ ಹೋಗ್ಯಾರ. ಕೈಗೆ ಮೂರು ಸುತ್ತು ಸುತ್ತಿಕೊಂಡು ಕುಂತುಬಿಟ್ರ ಅವ್ರಿಗೆ ಜಗತ್ತ ಬ್ಯಾಡ."

ಗುಂಡು ಎಣಿಸುತ್ತಿದ್ದ ನನ್ನ ಕೈ ನಿಂತಿತು. "ಮೂರು ಸುತ್ತೇನವ್ವ?"

"ಹೂನ್ರಿ. ಈ ದಾರ ಜಾರತೈತಂತ, ಅದಕ್ಕ ಒಂದು ಸುತ್ತು ಜಾಸ್ತಿ."

ಆ ಕ್ಷಣ ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಇಷ್ಟು ವರ್ಷ ಅವನ ಕೈಯನ್ನು ಕಾಯ್ದದ್ದು ನಾನು ಮಾರಿದ ದಾರದ ದೌರ್ಬಲ್ಯವೇ. ಅದನ್ನು ನಾನೇ ಕಿತ್ತುಕೊಂಡಿದ್ದೆ. ದಾರ ಬಿಟ್ಟುಕೊಡುವ ರೀಲಿಲ್ಲ, ಬಾಗುವ ಕೋಲಿಲ್ಲ. ಮೂರರಲ್ಲಿ ಒಂದನ್ನು ಬಿಡಿಸಿ, ಅದೂ ಅತಿ ಅಪಾಯದ್ದನ್ನು, ಎದೆ ತಟ್ಟಿಕೊಂಡು ಮಾರಿದ್ದೆ. ಕಾಲುವೆಗೆ ಆಗ ತುಂಬು ನೀರು ಬಿಟ್ಟಿದ್ದರು. ತುರ್ವಿಹಾಳದ ಹತ್ತಿರ ಕಾಲುವೆಯ ಅಂಚು ಸಿಮೆಂಟಿನ ಇಳಿಜಾರು, ಮೇಲೆ ಪಾಚಿ. ಇಳಿದವನು ಹತ್ತಲಾರ.

ಅಂಬಣ್ಣನ ಮೊಬೈಲಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಹನುಮವ್ವ ನನ್ನ ಮುಖ ನೋಡಿ, "ಯಾಕ್ರಿ ಅಣ್ಣಾರ?" ಎಂದಳು. ಏನೂ ಇಲ್ಲವ್ವ, ಅವನ ಹತ್ತಿರ ಒಂದು ಕೆಲಸವಿದೆ ಎಂದೆ. ಅಂಗಡಿ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ತಿಳಿಯಿತು.

ಆ ಬಸ್ಸು ಅವತ್ತು ನಡೆದಷ್ಟು ನಿಧಾನ ಎಂದೂ ನಡೆದಿರಲಿಲ್ಲ. ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿತ್ತು. ಗೊಬ್ಬರದ ಚೀಲ ಏರಿಸಿದರು, ಇಳಿಸಿದರು. ನಾನು ಕಂಡಕ್ಟರನಿಗೆ ಎರಡು ಸಲ "ಲಗೂನ ಹೋಗ್ರಿ" ಎಂದೆ. "ಇಳದು ಓಡ್ತೀರೇನು?" ಎಂದ. ಹರಕೆ ಹೊತ್ತೆ. ಏನಂತ ಹೊತ್ತೆ ಗೊತ್ತೇ? ಆ ದಾರ ಹರಿಯಲಿ ಎಂದು. ಜೀವಮಾನವೆಲ್ಲ ಹರಿಯದಿರಲಿ ಎಂದು ಬೇಡಿಕೊಂಡವನು ಅವತ್ತು ಹರಿಯಲಿ, ಹರಿಯಲಿ ಎಂದು ಬಾಯೊಳಗೆ ಗುನುಗುತ್ತ ಕೂತಿದ್ದೆ. ಅರ್ಧ ದಾರಿಯಲ್ಲಿ ಎದುರಿಗೆ ಒಂದು ಆಟೋ ಹಾರ್ನ್ ಒತ್ತಿಕೊಂಡೇ ಬಂದು ಸಿಂಧನೂರಿನ ಕಡೆ ಹೋಯಿತು. ಹಿಂದಿನ ಸೀಟಿನಲ್ಲಿ ಯಾರನ್ನೋ ಅಡ್ಡ ಮಲಗಿಸಿದ್ದರು. ನನಗೆ ಕಂಡದ್ದು ಹೊರಗೆ ಚಾಚಿದ್ದ ಒದ್ದೆ ಪಾದಗಳು ಮಾತ್ರ.

ತುರ್ವಿಹಾಳದಲ್ಲಿ ಇಳಿದು ಕಾಲುವೆ ದಂಡೆ ಹಿಡಿದು ಓಡಿದೆ. ತೂಬಿನ ಹತ್ತಿರ ಹುಲ್ಲಿನ ಹೊರೆಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ನಾಲ್ಕೈದು ಹೆಂಗಸರು ಕೂತಿದ್ದರು. ಅವರ ನಡುವೆ ಅಂಬಣ್ಣನ ಚೀಲವಿತ್ತು, ಅದರೊಳಗೆ ಅವನ ಮೊಬೈಲ್, ನಾನು ಓಡುತ್ತಲೇ ಮತ್ತೆ ಮಾಡಿದ ಕರೆಗೆ ಬಡಿದುಕೊಳ್ಳುತ್ತಿತ್ತು.

"ಬದುಕ್ಯಾನೇನವ್ವ?" ಎಂದು ಕೇಳಿದೆ.

ಅವರಲ್ಲಿ ಹಿರಿಯಳು ಹೇಳಿದಳು. "ಉಸುರು ಐತಿ. ಆಟೋದಾಗ ಹಾಕಿ ಕಳಿಸೀವಿ. ಮೀನ ಜಗ್ಗಿದ್ದಕ್ಕ ಕಾಲು ಜಾರಿ ಬಿದ್ದಾನ. ಬಿದ್ದಾಂವ ಈಜಿ ಬರತಿದ್ದ, ಆದ್ರ ದಾರ ತೂಬಿನ ಕಬ್ಬಿಣಕ್ಕ ಸಿಕ್ಕೊಂಡು ಕೈ ಬಿಡವಲ್ದು. ನೀರು ಮುಂದಕ್ಕ ನೂಕಾಕತ್ತೈತಿ, ದಾರ ಹಿಂದಕ್ಕ ಜಗ್ಗಾಕತ್ತೈತಿ. ನಾವು ಹೊರಿ ಕಟ್ಟೋ ಹಗ್ಗ ಜೋಡಿಸಿ ಒಗದ್ವಿ. ಹಗ್ಗ ಹಿಡದ್ರೂ ಆ ದಾರ ಬಿಡವಲ್ದು. ಕಡೀಕ ಇಲ್ಲಿ ಕುಂತಾಳಲ್ಲ, ಈಕಿ ಸೊಂಟಕ್ಕ ಹಗ್ಗ ಕಟಗೊಂಡು ಇಳದು ಕುಡಗೋಲಿಲೆ ಕೊಯ್ದಳು. ಅದೆಂಥಾ ದಾರಪಾ, ಮೂರು ಸಲ ಕೊಯ್ಯಬೇಕಾತು."

ಅದೆಂಥ ದಾರ ಎಂದು ನಾನು ಅವರಿಗೆ ಹೇಳಲಿಲ್ಲ. ಅಲ್ಲೇ ದಂಡೆಯ ಮೇಲೆ ಕೂತು ಅತ್ತೆ.

ಸಂಜೆ ಆಸ್ಪತ್ರೆಯಲ್ಲಿ ಅಂಬಣ್ಣನನ್ನು ಕಂಡೆ. ಬಲಗೈಗೆ ಮೊಣಕೈ ತನಕ ಬ್ಯಾಂಡೇಜು. ದಾರ ಎಲುಬು ಕಾಣುವ ತನಕ ಇಳಿದಿತ್ತು. ಕೈ ಉಳಿಯುತ್ತದೆ, ಎರಡು ಬೆರಳು ಮಡಚುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕೂಲಿ ಮಾಡುವ ಕೈ. ಹನುಮವ್ವ ತಲೆಯ ಹತ್ತಿರ ಕೂತಿದ್ದಳು. ಅವಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

ಅಂಬಣ್ಣ ಕಣ್ಣು ತೆರೆದು ನನ್ನನ್ನು ಗುರುತಿಸಿದ. ಬೈಯುತ್ತಾನೆ ಎಂದು ಕಾದೆ. ಅವನು ನಿಜವಾದ ಮೆಚ್ಚುಗೆಯಿಂದಲೇ ಹೇಳಿದ.

"ಖರೆ ಹೇಳಿದ್ದಿ ಹುಲಿಗೆಪ್ಪಣ್ಣ. ಹರೀಲೇ ಇಲ್ಲ ನೋಡು."

ಮರುದಿನ ದೊಡ್ಡ ಸಾವಕಾರರ ಮುಂದೆ ನಿಂತು ಎಲ್ಲ ಹೇಳಿದೆ. ಕೆಲಸ ಬಿಡುತ್ತೇನೆ ಎಂದೆ. ಅವರು ಮಂಜುಗಣ್ಣಿನಿಂದ ನನ್ನ ಕಡೆ ತಿರುಗಿ, "ನೀ ಬಿಟ್ರ ಹೊಸಬಾಂವ ಬರತಾನ, ಅಂವಾ ಇನ್ನೊಬ್ಬಗ ಹಿಂಗ ಮಾರತಾನ. ತಪ್ಪು ಮಾಡಿದಾಂವನ ಇರಬೇಕು" ಎಂದರು.

ಆಮೇಲೆ ನಾನು ಕಂಡುಕೊಂಡ ಉಪಾಯವೇ ಆ ಡ್ರಾದಲ್ಲಿರುವ ಉಂಡೆ. ಕೋಲು, ರೀಲು ಒಯ್ಯುವವರಿಗೆ ತೊಂದರೆಯಿಲ್ಲ. ಬರೀ ಹೆಣೆದ ದಾರ ಕೇಳುವವರ ಕೈಗೆ ಅದನ್ನು ಹಾಗೇ ಕೊಡಬಾರದು. ಕೈಗೆ ಸುತ್ತುವ ಕಡೆ ಒಂದು ಮಾರು ದಪ್ಪ ಹತ್ತಿಯ ಹುರಿ, ಅದಕ್ಕೂ ಹೆಣೆದ ದಾರಕ್ಕೂ ನಡುವೆ ಒಂದು ಗೇಣು ತೆಳು ನೈಲಾನ್. ಬಿಸಿಲು ತಿಂದದ್ದಲ್ಲ, ಕತ್ತಲೆ ಕೋಣೆಯ ಹೊಸ ದಾರ. ಗಂಟಿಗೆ ಉಗುಳು ಹಚ್ಚಿ ನಾನೇ ಕಟ್ಟಿಕೊಡುತ್ತಿದ್ದೆ. ಸಾಧಾರಣ ಮೀನಿಗೆ ತಡೆಯುತ್ತದೆ. ಮನುಷ್ಯನನ್ನು ಎಳೆಯುವಂಥದ್ದು ಬಂದರೆ ಮೊದಲು ಅದು ಹೋಗುತ್ತದೆ. ಜನ ನಗುತ್ತಿದ್ದರು. "ಹರಿಯೋ ದಾರ ಕಟ್ಟಿ ಕೊಡೋ ಅಂಗಡಿ ಇದೊಂದ ನೋಡ್ರಿ" ಎನ್ನುತ್ತಿದ್ದರು. ಕೆಲವರು ಹೊರಗೆ ಹೋಗಿ ಬಿಚ್ಚಿ ಎಸೆದರು. ನಾನು ಬೀದಿಗೆ ಇಳಿದು, ಕೈ ಹಿಡಿದು, ಮತ್ತೆ ಕಟ್ಟುತ್ತಿದ್ದೆ. ಶಿವಲೀಲವ್ವ, ನಿನಗೆ ಬೀದಿಗಿಳಿಯುವುದು ಮುಜುಗರ ಎನಿಸಬಹುದು. ಇಳಿ.

ಅಂಬಣ್ಣ ಒಂದು ವರ್ಷ ಅಂಗಡಿ ಕಡೆ ಬರಲಿಲ್ಲ. ಆಮೇಲೆ ಬಂದ. ಎಡಗೈಯಲ್ಲಿ ದಾರ ಎಸೆಯಲು ಕಲಿತಿದ್ದ. ಕೋಲು ಕೊಡಲು ಹೋದೆ, ಒಲ್ಲೆ ಎಂದ. ಒಂದು ಗೇಣು ತೆಳು ದಾರ ಕಟ್ಟಿ ಕೊಟ್ಟೆ. ನೋಡಿದ, ಒಯ್ದ. ಅವನು ಹೋದ ಮೇಲೆ ಎಂಟು ದಿನ ನಾನು ಯಾರ ಫೋನ್ ಬಂದರೂ ಬೆಚ್ಚುತ್ತಿದ್ದೆ.

ಒಂಬತ್ತನೆಯ ದಿನ ಅಂಬಣ್ಣ ಮೆಟ್ಟಿಲು ಹತ್ತಿ ಬಂದ. ಮುಖದಲ್ಲಿ ನಗುವಿಲ್ಲ. ಎಡಗೈಯಿಂದ ಜೇಬು ತಡಕಿ, ಹತ್ತಿಯ ಹುರಿ ತೆಗೆದು ನನ್ನೆದುರು ಗಾಜಿನ ಮೇಲಿಟ್ಟ. ಅದರ ತುದಿಯಲ್ಲಿ ಹರಿದ ನೈಲಾನಿನ ಬೆರಳುದ್ದದ ತುಂಡು. ಬೀಗರು ಬಂದ ದಿನ ಇಟ್ಟಿದ್ದ ಜಾಗದಲ್ಲೇ ಇಟ್ಟಿದ್ದ.

"ದೊಡ್ಡದಿತ್ತೇನು?" ಎಂದೆ.

"ದೊಡ್ಡದಿತ್ತು. ತೂಬಿನ ತನಕ ಓಡಿಸಿಕೊಂಡು ಹೋತು." ಗಿರಾಕಿಗಳ ಬೆಂಚಿನ ಮೇಲೆ ಕೂತು ಉಸಿರು ಬಿಟ್ಟ. "ಹರೀತು."

ಮಡಚದ ಎರಡು ಬೆರಳಿನ ಬಲಗೈಯಿಂದ ಹುರಿಯನ್ನು ನನ್ನ ಕಡೆ ಸರಿಸಿದ.

"ಇನ್ನೊಂದು ಗೇಣು ಕಟ್ಟು."